ಲೆಕ್ಕ ಸರಿಯಿತ್ತು, ಜನ ಹಸಿದಿದ್ದರು: ಸಲಾಜಾರ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು

ಪೋಸ್ಟ್ ಸ್ವಲ್ಪ ಉದ್ದ ಇದೆ. ಒಂದೇ ಸಲಕ್ಕೆ ಆಗದಿದ್ದರೆ ಸೇವ್ ಮಾಡಿಟ್ಟು ರಾತ್ರಿ ಓದಿ.

"ಒಬ್ಬ ಪ್ರಾಮಾಣಿಕ ಮನುಷ್ಯ ಬರಬೇಕು ಕಣ್ರೀ. ಹೆಂಡತಿ ಮಕ್ಕಳಿಲ್ಲದವನು, ದುಡ್ಡಿನಾಸೆ ಇಲ್ಲದವನು. ಹತ್ತು ವರ್ಷ ಯಾರ ಮಾತೂ ಕೇಳದೆ ಆಳಬೇಕು. ಆಗ ದೇಶ ಸರಿಹೋಗುತ್ತೆ." ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿಲ್ಲ ನಾವು? ಈಗ ನಮ್ಮ ಓದಿದ ಹುಡುಗರೂ ಹೇಳೋಕೆ ಶುರು ಮಾಡಿದ್ದಾರೆ, ನನಗೆ ಹೆದರಿಕೆ ಆಗೋದು ಅಲ್ಲಿ. ಯಾಕಂದ್ರೆ ಇವರು ಕೇಳುವಂಥ ಮನುಷ್ಯ ಯುರೋಪಿನಲ್ಲಿ ನಿಜವಾಗಿಯೂ ಒಬ್ಬ ಇದ್ದ. ಹೆಸರು ಆಂತೋನಿಯೊ ದ ಒಲಿವೇರಾ ಸಲಾಜಾರ್. ಪೋರ್ಚುಗಲ್ ದೇಶದವನು, ಅರ್ಥಶಾಸ್ತ್ರದ ಮೇಷ್ಟ್ರು. ಮದುವೆ ಆಗಲಿಲ್ಲ. ಸ್ವಂತಕ್ಕೆ ಲೂಟಿ ಹೊಡೆದ ಅಂತ ಅವನ ವಿರೋಧಿಗಳೂ ಸಾಮಾನ್ಯವಾಗಿ ಹೇಳಲ್ಲ. ಹತ್ತಲ್ಲ, 36 ವರ್ಷ ಪ್ರಧಾನಿಯಾಗಿ ಆಳಿದ. ನಮ್ಮ ಕಾರವಾರದ ಪಕ್ಕದ ಗೋವಾವನ್ನು 1961ರ ತನಕ ಬಿಡದೆ ಹಿಡಿದುಕೊಂಡಿದ್ದವನೂ ಇವನೇ.

ನಾನು ಗುಮಾಸ್ತ. ಕ್ಯಾಶ್ ಬುಕ್ಕು, ಲೆಡ್ಜರು, ಮಾರ್ಚ್ ತಿಂಗಳ ಕೊನೆಯ ರಾತ್ರಿ ಇವೆಲ್ಲ ಗೊತ್ತಿರುವವನು. ಜಮಾ ಮತ್ತು ಖರ್ಚು ಎರಡೂ ಕಡೆ ಪೈಸೆಗೆ ಪೈಸೆ ಕೂಡಿಬಂದರೆ ಆಗುವ ಸಮಾಧಾನ ನನಗೂ ಗೊತ್ತು. ಅದಕ್ಕೇ ಈ ಮನುಷ್ಯನ ಕತೆ ನನ್ನನ್ನು ಹಿಡಿದುಕೊಂಡಿದ್ದು.

ಹುಟ್ಟಿದ್ದು 1889ರ ಏಪ್ರಿಲ್ 28ರಂದು, ಸಾಂತಾ ಕೊಂಬಾ ದಾಂವ್ ಊರಿನ ಪಕ್ಕದ ವಿಮಿಯೆರೊ ಎಂಬ ಹಳ್ಳಿಯಲ್ಲಿ. ಅಪ್ಪ ಪೆರೆಸ್ತ್ರೆಲೊ ಎಂಬ ಜಮೀನ್ದಾರಿ ಮನೆತನದ ಹೊಲ ತೋಟದ ಪಾರುಪತ್ಯ ನೋಡಿಕೊಳ್ಳುತ್ತಿದ್ದ. ಅಂದರೆ ಭೂಮಿ ಧಣಿಗಳದ್ದು, ಆಳುಗಳ ಮೇಲೆ ಕಣ್ಣಿಡುವ ಕೆಲಸ ಇವರಪ್ಪನದ್ದು. ಇಂಥ ಮನೆಗಳು ನಮಗೆ ಗೊತ್ತಿಲ್ಲದ್ದಲ್ಲ. ತೀರಾ ಕೆಳಗೂ ಅಲ್ಲ, ಮೇಲೂ ಅಲ್ಲ. ಧಣಿಯ ಎದುರು ತಲೆ ತಗ್ಗಿಸಬೇಕು, ಕೂಲಿಯವರ ಎದುರು ದನಿ ಏರಿಸಬೇಕು. ನಾಲ್ಕು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದ ಒಬ್ಬನೇ ಮಗ. ಬಡವರ ಮನೆಯ ಬುದ್ಧಿವಂತ ಹುಡುಗನಿಗೆ ಆ ಕಾಲದ ಪೋರ್ಚುಗಲ್‌ನಲ್ಲಿ ಇದ್ದ ಒಂದೇ ದಾರಿ ಪಾದ್ರಿ ಶಾಲೆ. ವಿಜೆವು ಊರಿನ ಸೆಮಿನರಿಯಲ್ಲಿ ಎಂಟು ವರ್ಷ ಓದಿದ, ಆದರೆ ಪಾದ್ರಿಯಾಗಲಿಲ್ಲ. 1910ರಲ್ಲಿ ಕೊಯಿಂಬ್ರಾ ವಿಶ್ವವಿದ್ಯಾಲಯಕ್ಕೆ ಕಾನೂನು ಓದೋಕೆ ಸೇರಿದ. ಅದೇ ವರ್ಷ ಅಕ್ಟೋಬರ್ 5ಕ್ಕೆ ಅಲ್ಲಿ ರಾಜನನ್ನು ಕಿತ್ತೊಗೆದು ಗಣರಾಜ್ಯ ಬಂತು. ಹೊಸ ಸರ್ಕಾರ ಚರ್ಚಿನ ಮೇಲೆ ಮುಗಿಬಿತ್ತು. ಸಲಾಜಾರ್ ಕ್ಯಾಥೊಲಿಕ್ ವಿದ್ಯಾರ್ಥಿ ಸಂಘದ ಕಡೆ ನಿಂತ. ಅಲ್ಲಿ ಜೊತೆಗಿದ್ದ ಗೆಳೆಯ ಸೆರೆಜೇರಾ ಮುಂದೆ ಲಿಸ್ಬನ್ನಿನ ಕಾರ್ಡಿನಲ್ ಆದ. ಒಬ್ಬ ಸರ್ಕಾರಕ್ಕೆ ಯಜಮಾನ, ಇನ್ನೊಬ್ಬ ಚರ್ಚಿಗೆ.

ಓದಿನಲ್ಲಿ ಗಟ್ಟಿ. 20ಕ್ಕೆ 19 ಅಂಕ ತೆಗೆದು ಪಾಸಾದ. 1916ರಲ್ಲಿ ಎರಡು ಪ್ರಬಂಧ ಬರೆದ. ಒಂದು ಚಿನ್ನಕ್ಕೆ ಕಾಗದದ ಹಣಕ್ಕಿಂತ ಹೆಚ್ಚಿನ ಬೆಲೆ ಯಾಕೆ ಅನ್ನೋದರ ಮೇಲೆ, ಇನ್ನೊಂದು ಗೋಧಿಯ ಸಮಸ್ಯೆ ಮೇಲೆ. ಆಮೇಲೆ ಕೊಯಿಂಬ್ರಾದಲ್ಲೇ ಅರ್ಥಶಾಸ್ತ್ರ, ಹಣಕಾಸು ಪಾಠ ಹೇಳುವ ಪ್ರೊಫೆಸರ್ ಆದ. (ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಬಾಬಾಸಾಹೇಬರೂ ರೂಪಾಯಿ ಮತ್ತು ಚಿನ್ನದ ಲೆಕ್ಕ ಹಿಡಿದು ಲಂಡನ್ನಿನಲ್ಲಿ ಕೂತಿದ್ದರು. ಅವರ 'ದಿ ಪ್ರಾಬ್ಲಮ್ ಆಫ್ ದಿ ರುಪೀ' ಬಂದದ್ದು 1923ರಲ್ಲಿ. ಹಣದ ಬೆಲೆ ಬಿದ್ದರೆ ಕೂಲಿಯವನ ಹೊಟ್ಟೆಗೆ ಏನಾಗುತ್ತೆ ಅನ್ನೋದು ಬಾಬಾಸಾಹೇಬರ ಚಿಂತೆ. ಸಲಾಜಾರನ ಚಿಂತೆ ಖಜಾನೆಯದ್ದು.)

ಗಣರಾಜ್ಯ ಮಾತ್ರ ನಿಲ್ಲಲಿಲ್ಲ. 16 ವರ್ಷದಲ್ಲಿ 45ರ ಆಸುಪಾಸು ಸರ್ಕಾರಗಳು ಬಂದು ಹೋದವು. ಮೊದಲ ಮಹಾಯುದ್ಧಕ್ಕೆ ಸೈನ್ಯ ಕಳಿಸಿ ಸಾಲ ಮೈಮೇಲೆ ಎಳೆದುಕೊಂಡರು. ಎಸ್ಕುಡೊ ಬೆಲೆ ಪಾತಾಳಕ್ಕೆ ಇಳಿಯಿತು. 1926ರ ಮೇ 28ಕ್ಕೆ ಸೈನ್ಯ ದಂಗೆ ಎದ್ದು ಅಧಿಕಾರ ಹಿಡಿಯಿತು. ಹಿಡಿದರು ಸರಿ, ಆದರೆ ಖಜಾನೆ ನಡೆಸೋದು ಜನರಲ್‌ಗಳಿಗೆ ಎಲ್ಲಿ ಬರುತ್ತೆ? ಕೊಯಿಂಬ್ರಾದ ಮೇಷ್ಟ್ರನ್ನು ಕರೆದು ಹಣಕಾಸು ಮಂತ್ರಿ ಮಾಡಿದರು. ಬಂದ, ನೋಡಿದ, ಕೇಳಿದ ಅಧಿಕಾರ ಸಿಗೋದಿಲ್ಲ ಅಂತ ಗೊತ್ತಾಯಿತು, ಕೆಲವೇ ದಿನದಲ್ಲಿ ಪಾಠ ಮಾಡೋಕೆ ವಾಪಸ್ ಹೋದ. ಎರಡು ವರ್ಷದಲ್ಲಿ ಸ್ಥಿತಿ ಇನ್ನೂ ಕೆಟ್ಟಿತು. ಲೀಗ್ ಆಫ್ ನೇಷನ್ಸ್ ಹತ್ತಿರ ಸಾಲ ಕೇಳಿದರೆ ಅವರು ನಮ್ಮ ಜನ ಬಂದು ನಿಮ್ಮ ಲೆಕ್ಕ ನೋಡ್ತಾರೆ ಅಂದರು. ಅವಮಾನ ಅಂತ ಬಿಟ್ಟರು. 1928ರ ಏಪ್ರಿಲ್‌ನಲ್ಲಿ ಮತ್ತೆ ಮೇಷ್ಟ್ರ ಮನೆ ಬಾಗಿಲು ತಟ್ಟಿದರು.

ಈ ಸಲ ಷರತ್ತು ಹಾಕಿದ. ಯಾವ ಇಲಾಖೆಯೂ ತನಗೆ ಕೊಟ್ಟ ಮೊತ್ತ ಮೀರುವಂತಿಲ್ಲ. ಖಜಾನೆಗೆ ಸಂಬಂಧಪಟ್ಟ ಯಾವ ಆದೇಶವನ್ನೂ ತನ್ನನ್ನು ಕೇಳದೆ ಹೊರಡಿಸುವಂತಿಲ್ಲ. ಯಾವ ಖರ್ಚನ್ನಾದರೂ ಬೇಡ ಅನ್ನುವ ಹಕ್ಕು ತನಗಿರಬೇಕು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರ ಅರ್ಥ ತಕ್ಷಣ ಆಗುತ್ತೆ. ಆರ್ಥಿಕ ಇಲಾಖೆಯ ಸಹಮತಿ ಇಲ್ಲದೆ ಫೈಲು ಅಲ್ಲಾಡಲ್ಲ. ಸೈನ್ಯ ಬಂದೂಕು ಹಿಡಿದು ಪಡೆದ ಅಧಿಕಾರವನ್ನು ಈ ಮನುಷ್ಯ ಒಂದು ಟಿಪ್ಪಣಿ ಹಾಳೆಯಲ್ಲಿ ಬರೆಸಿಕೊಂಡ.

ಒಂದೇ ವರ್ಷದಲ್ಲಿ ಉಳಿತಾಯ ಬಜೆಟ್ ಬಂತು. ಇದನ್ನು ಸುಳ್ಳು ಅನ್ನೋದು ಬೇಡ, ಎಸ್ಕುಡೊ ನಿಜವಾಗಿಯೂ ನಿಂತಿತು, ಸಾಲ ತೀರುತ್ತಾ ಬಂತು. ಆದರೆ ಹೇಗೆ ಬಂತು ಅಂತ ನೋಡಬೇಕು. ತೆರಿಗೆ ಏರಿಸಿದ, ಸರ್ಕಾರಿ ನೌಕರರ ಸಂಬಳಕ್ಕೂ ಕೈ ಹಾಕಿದ. ಖರ್ಚು ಕತ್ತರಿಸಿದ. ಮಾಮೂಲಿ ಬಜೆಟ್ ಬೇರೆ, ವಿಶೇಷ ಬಜೆಟ್ ಬೇರೆ ಅಂತ ಎರಡು ಪುಸ್ತಕ ಇಟ್ಟ. ಸಾಲದಲ್ಲಿ ಮಾಡುವ ಖರ್ಚು ಎರಡನೆಯದಕ್ಕೆ ಹೋಯಿತು, ಮೊದಲನೆಯದು ಸದಾ ಚೊಕ್ಕ. ಈ ಕಲೆ ನಮ್ಮ ಕಡೆಯೂ ಇದೆ ಬಿಡಿ. ಪತ್ರಿಕೆಗಳು ಪವಾಡ ಅಂದವು. ಆ ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತ್ತು ಅನ್ನೋದನ್ನೂ ನೆನಪಿಡಿ. ಪವಾಡ ಅಲ್ಲ ಅನ್ನುವವನ ಮಾತು ಅಚ್ಚಾಗುವಂತಿರಲಿಲ್ಲ.

1932ರ ಜುಲೈನಲ್ಲಿ ಪ್ರಧಾನಿಯಾದ. ಮರುವರ್ಷ ಹೊಸ ಸಂವಿಧಾನ, 'ಹೊಸ ರಾಜ್ಯ' ಅಂತ ಹೆಸರು. ಆ ಸಂವಿಧಾನಕ್ಕೆ ಜನಮತ ಕೇಳಿದ ರೀತಿ ಕೇಳಿ: ಮತ ಹಾಕೋಕೆ ಬರದೆ ಮನೆಯಲ್ಲಿ ಕೂತವರನ್ನೂ 'ಹೌದು' ಅಂದವರ ಲೆಕ್ಕಕ್ಕೇ ಸೇರಿಸಿದರು! ಮೌನಂ ಸಮ್ಮತಿ ಲಕ್ಷಣಂ ಅನ್ನುವ ಶಾಸ್ತ್ರ ಅಲ್ಲಿಗೂ ಹೋಗಿತ್ತು. ಅದೇ 1933ರಲ್ಲಿ ಕಾರ್ಮಿಕರ ಸ್ವತಂತ್ರ ಸಂಘಗಳಿಗೆ ಬೀಗ ಹಾಕಿ, ಮುಷ್ಕರ ಅಪರಾಧ ಅಂತ ಮಾಡಿದರು. ಮಾಲೀಕನೂ ಕೂಲಿಯೂ ಒಂದೇ ದೇಹದ ಅಂಗಗಳು, ಅವರ ನಡುವೆ ಜಗಳ ಯಾಕೆ ಅನ್ನೋದು ಸಲಾಜಾರನ ತತ್ವ. ತಲೆ ಒಬ್ಬರು, ತೋಳು ಒಬ್ಬರು, ಪಾದ ಒಬ್ಬರು. ಈ ದೇಹದ ಕತೆ ನಾವು ಎಲ್ಲಿ ಕೇಳಿದ್ದೇವೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗುಪ್ತ ಪೊಲೀಸ್ ಬಂತು. ಮೊದಲು ಅದರ ಹೆಸರು ಪಿವಿಡಿಇ, 1945ರ ನಂತರ ಪಿಡೆ. ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದಲ್ಲಿರುವ ಕೇಪ್ ವರ್ಡ್ ದ್ವೀಪದಲ್ಲಿ 1936ರಲ್ಲಿ ತರಾಫಾಲ್ ಜೈಲು ತೆರೆದರು. ನೀರು ಸರಿಯಿಲ್ಲ, ಮಲೇರಿಯಾ, ಔಷಧಿ ಇಲ್ಲ. ಜನ ಅದಕ್ಕೆ ನಿಧಾನ ಸಾವಿನ ಶಿಬಿರ ಅಂದರು. 30ಕ್ಕೂ ಹೆಚ್ಚು ರಾಜಕೀಯ ಕೈದಿಗಳು ಅಲ್ಲೇ ಸತ್ತರು. ಹಿಟ್ಲರನ ಸಂಖ್ಯೆಗಳ ಪಕ್ಕ ಇಟ್ಟರೆ ಸಣ್ಣದು ಕಾಣುತ್ತೆ. ಸಲಾಜಾರನ ಭಕ್ತರು ಈ ಹೋಲಿಕೆಯನ್ನೇ ಹಿಡಿದು ವಾದ ಮಾಡ್ತಾರೆ, 'ಅವನು ಅಷ್ಟು ಜನರನ್ನು ಕೊಲ್ಲಲಿಲ್ಲ' ಅಂತ. ಅವನಿಗೆ ಕೊಲ್ಲುವ ಅಗತ್ಯವೇ ಬೀಳದ ಹಾಗೆ ಜನರನ್ನು ಕೂರಿಸಿದ್ದ ಅನ್ನೋದು ನನ್ನ ಮಾತು.

ಹೇಗೆ ಕೂರಿಸಿದ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಲಾಜಾರ್ ಬಡತನವನ್ನು ಒಂದು ಗುಣ ಅಂತ ಮಾಡಿದ. ತನ್ನನ್ನು ಬಡವನಾಗಿ ಹುಟ್ಟಿಸಿದ್ದಕ್ಕೆ ದೇವರಿಗೆ ಋಣಿ ಅಂತ ಭಾಷಣದಲ್ಲೇ ಹೇಳಿದ್ದಾನೆ. ಹಳ್ಳಿ ಒಳ್ಳೆಯದು, ಪಟ್ಟಣ ಕೆಟ್ಟದ್ದು. ಹಳ್ಳಿಯವನು ಹಳ್ಳಿಯಲ್ಲೇ ಇದ್ದರೆ ದೇಶ ಶಾಂತ. 'ದೇವರು, ದೇಶ, ಕುಟುಂಬ' ಅನ್ನೋದು ಘೋಷಣೆ. 1938ರಲ್ಲಿ, ಅವನು ಮಂತ್ರಿಯಾಗಿ ಹತ್ತು ವರ್ಷ ತುಂಬಿದ್ದಕ್ಕೆ 'ಸಲಾಜಾರನ ಪಾಠ' ಅಂತ ಏಳು ಚಿತ್ರಗಳ ಸರಣಿ ಅಚ್ಚು ಹಾಕಿ ಶಾಲೆಗಳಲ್ಲಿ ತೂಗು ಹಾಕಿಸಿದರು. ಅದರಲ್ಲೊಂದು ರೈತನ ಮನೆ. ಹೊಲದಿಂದ ಬರುತ್ತಿರುವ ಗಂಡ, ಒಲೆ ಮುಂದೆ ಹೆಂಡತಿ, ಅಪ್ಪನನ್ನು ಕಂಡು ಎದ್ದ ಮಕ್ಕಳು, ಮೇಜಿನ ಮೇಲೆ ಬ್ರೆಡ್ಡು ಮತ್ತು ವೈನು, ಗೋಡೆಯ ಕಡೆ ಶಿಲುಬೆ, ಕಿಟಕಿಯಾಚೆ ಕೋಟೆ. ಚೆಂದದ ಚಿತ್ರ. ಆ ಮನೆಯಲ್ಲಿ ಒಂದು ಪುಸ್ತಕ ಇರಬೇಕಿತ್ತು ಅಂತ ಬರೆದವನಿಗೆ ಅನ್ನಿಸಲಿಲ್ಲ.

ಅನ್ನಿಸೋದಾದರೂ ಹೇಗೆ? 1930ರಲ್ಲಿ ಪೋರ್ಚುಗಲ್‌ನಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಜನಕ್ಕೆ ಓದು ಬರುತ್ತಿರಲಿಲ್ಲ. ಇಂಥ ದೇಶದಲ್ಲಿ ಕಡ್ಡಾಯ ಶಿಕ್ಷಣವನ್ನು ಮೂರು ವರ್ಷಕ್ಕೆ ಇಳಿಸಿದರು! ನಾಲ್ಕನೇ ವರ್ಷ ಕಡ್ಡಾಯವಾಗಿದ್ದು ಗಂಡುಮಕ್ಕಳಿಗೆ 1956ರಲ್ಲಿ, ಹೆಣ್ಣುಮಕ್ಕಳಿಗೆ 1960ರಲ್ಲಿ. ಹಳ್ಳಿಯವರಿಗೆ ಓದು ಕಲಿಸಿದರೆ ತಲೆ ಕೆಡುತ್ತೆ, ಪಟ್ಟಣದ ಆಸೆ ಹುಟ್ಟುತ್ತೆ, ಕೆಂಪು ಪುಸ್ತಕ ಓದ್ತಾರೆ ಅಂತ ಅಲ್ಲಿನ ದೊಡ್ಡ ಮನುಷ್ಯರು ಬಹಿರಂಗವಾಗಿ ವಾದ ಮಾಡಿದ್ದಾರೆ. ಅದೇ ಹೊತ್ತಿಗೆ ಮತದಾನದ ನಿಯಮ ನೋಡಿ. ಓದು ಬಾರದ ಗಂಡಸಿಗೆ ಮತ ಬೇಕಾದರೆ ಇಂತಿಷ್ಟು ತೆರಿಗೆ ಕಟ್ಟಿರಬೇಕು. ಹೆಂಗಸಿಗೆ ಅಕ್ಷರ ಬಂದರೂ ಸಾಲದು, ಹೈಸ್ಕೂಲು ಮುಗಿಸಿರಬೇಕು. ಶಾಲೆ ಕೊಡೋದಿಲ್ಲ, ಶಾಲೆಗೆ ಹೋಗಿಲ್ಲ ಅಂತ ಮತ ಕೊಡೋದಿಲ್ಲ. ಬಜೆಟ್‌ನಲ್ಲಿ ಉಳಿದ ದುಡ್ಡು ಎಲ್ಲಿಂದ ಉಳಿಯಿತು ಅಂತ ಕೇಳಿದರೆ, ಒಂದು ಉತ್ತರ ಈ ಕಟ್ಟದ ಶಾಲೆಗಳಲ್ಲಿದೆ. ಪ್ರಾಥಮಿಕ ಶಾಲೆಯ ಮೇಡಂ ಮದುವೆಯಾಗಬೇಕಾದರೂ ಸರ್ಕಾರದ ಅಪ್ಪಣೆ ಬೇಕಿತ್ತು, ಗಂಡಿಗೆ ಎಷ್ಟು ಸಂಬಳ ಅಂತಲೂ ನೋಡುತ್ತಿದ್ದರು. ಆಸ್ಪತ್ರೆಯ ನರ್ಸ್‌ಗಳಿಗಂತೂ 1963ರವರೆಗೆ ಮದುವೆಯೇ ಇಲ್ಲ.

ಇನ್ನು ಅಲೆಂತೆಜು. ದೇಶದ ದಕ್ಷಿಣದಲ್ಲಿರುವ ಗೋಧಿಯ ನಾಡು. ಭೂಮಿಯೆಲ್ಲ ಕೆಲವೇ ದೊಡ್ಡ ಕುಳಗಳ ಕೈಯಲ್ಲಿ, ಉಳಿದವರೆಲ್ಲ ದಿನಗೂಲಿ. ಬೆಳಿಗ್ಗೆ ಊರ ಚೌಕದಲ್ಲಿ ಬಂದು ನಿಲ್ಲಬೇಕು, ಮೇಸ್ತ್ರಿ ಬಂದು ಮೈಕಟ್ಟು ನೋಡಿ ಆರಿಸಿಕೊಂಡು ಹೋಗ್ತಾನೆ. ಹಿಂದಿನ ವಾರ ಕೂಲಿ ಜಾಸ್ತಿ ಕೇಳಿದವನನ್ನು ಬಿಟ್ಟು ಹೋಗ್ತಾನೆ. 1954ರ ಮೇ 19ರಂದು ಬಲೈಜಾಂವ್ ಊರಿನಲ್ಲಿ ಕೊಯ್ಲಿನ ಹೆಂಗಸರು ಕೂಲಿ ಎರಡು ಎಸ್ಕುಡೊ ಹೆಚ್ಚು ಮಾಡಿ ಅಂತ ಕೇಳೋಕೆ ಹೋದರು. ಮುಂದೆ ನಿಂತವಳು ಕತರೀನಾ ಯೂಫೇಮಿಯಾ, 26 ವರ್ಷ, ಮೂರು ಮಕ್ಕಳ ತಾಯಿ, ಚಿಕ್ಕದು ಇನ್ನೂ ಎಂಟು ತಿಂಗಳ ಕೂಸು. ಪೊಲೀಸ್ ಪಡೆಯ ಲೆಫ್ಟಿನೆಂಟ್ ಹತ್ತಿರದಿಂದಲೇ ಗುಂಡು ಹೊಡೆದು ಕೊಂದ. ಅವನಿಗೆ ವಿಚಾರಣೆ ಆಗಲಿಲ್ಲ, ಬೇರೆ ಊರಿಗೆ ವರ್ಗ ಆಯಿತು ಅಷ್ಟೇ. ಕೀಳ್ವೆಣ್ಮಣಿಯ ಕತೆ ಗೊತ್ತಿರುವವರಿಗೆ ಇದರಲ್ಲಿ ಹೊಸದೇನೂ ಕಾಣೋದಿಲ್ಲ. ಅಲ್ಲೂ ಕೇಳಿದ್ದು ಸ್ವಲ್ಪ ಹೆಚ್ಚು ಕೂಲಿಯನ್ನೇ.

ಇದು ಬಿಳಿಯ ಬಡವರ ಪಾಡು. ಕಪ್ಪು ಜನರ ಲೆಕ್ಕ ಬೇರೆ ಪುಸ್ತಕದಲ್ಲಿತ್ತು.

1930ರಲ್ಲಿ ವಸಾಹತು ಕಾಯ್ದೆ ಬಂತು, ಸಲಾಜಾರ್ ಆಗ ವಸಾಹತು ಖಾತೆಯನ್ನೂ ಕೆಲಕಾಲ ನೋಡಿಕೊಳ್ಳುತ್ತಿದ್ದ. ಹೊರನಾಡುಗಳನ್ನು ಹಿಡಿದಿಟ್ಟು ಅಲ್ಲಿನ ಜನರಿಗೆ ನಾಗರಿಕತೆ ಕಲಿಸೋದು ಪೋರ್ಚುಗಲ್‌ನ ಹುಟ್ಟುಗುಣ ಅಂತ ಕಾನೂನಿನಲ್ಲೇ ಬರೆದರು. ಅಂಗೋಲಾ, ಮೊಜಾಂಬಿಕ್, ಗಿನಿಯಲ್ಲಿ ಜನರನ್ನು ಎರಡು ಭಾಗ ಮಾಡಿದರು. ಒಂದು 'ಇಂಡಿಜೆನಾ', ಅಂದರೆ ಮೂಲದವರು, ನಾಗರಿಕ ಹಕ್ಕು ಇಲ್ಲದವರು. ಇನ್ನೊಂದು 'ಅಸಿಮಿಲಾದೊ', ಅಂದರೆ ನಮ್ಮ ಹಾಗೆ ಆದವರು. ಆ ಕಡೆಯಿಂದ ಈ ಕಡೆಗೆ ಬರಬೇಕಾದರೆ ಪೋರ್ಚುಗೀಸ್ ಓದಿ ಬರೆಯಲು ಬರಬೇಕು, ಖಾಯಂ ಆದಾಯ ಇರಬೇಕು, ನಡತೆ ಸರಿಯಿದೆ ಅಂತ ಅಧಿಕಾರಿ ಒಪ್ಪಬೇಕು, ತನ್ನ ಜನರ ರೀತಿ ನೀತಿ ಬಿಡಬೇಕು. ಇಪ್ಪತ್ತು ವರ್ಷ ಆದಮೇಲೆ, 1950ರ ಜನಗಣತಿಯಲ್ಲಿ ಅಂಗೋಲಾದ ಆಫ್ರಿಕನ್ನರಲ್ಲಿ ಅಸಿಮಿಲಾದೊ ಆದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಬಾಗಿಲು ತೆರೆದಿದೆ ಅಂತ ಬೋರ್ಡು, ಒಳಗಿನಿಂದ ಚಿಲಕ.

ಇಂಡಿಜೆನಾ ಗಂಡಸು ದುಡಿಯುತ್ತಿದ್ದೇನೆ ಅಂತ ರುಜುವಾತು ತೋರಿಸಬೇಕು. ತೋರಿಸದಿದ್ದರೆ ಸೋಮಾರಿ ಅಂತ ಹಿಡಿದು ರಸ್ತೆಗೋ ತೋಟಕ್ಕೋ ಕಳಿಸ್ತಾರೆ. ಮೊಜಾಂಬಿಕ್‌ನಲ್ಲಿ ಇದಕ್ಕೆ ಶಿಬಾಲೊ ಅಂತಿದ್ದರು. ನಮ್ಮ ಭಾಷೆಯಲ್ಲಿ ಬಿಟ್ಟಿ ಚಾಕರಿ. ಸ್ವಂತ ಹೊಲದಲ್ಲಿ ಊಟದ ಬೆಳೆ ಬಿಟ್ಟು ಹತ್ತಿ ಬೆಳೀಬೇಕು, ಕಂಪನಿ ಹೇಳಿದ ರೇಟಿಗೇ ಕೊಡಬೇಕು. ಪೋರ್ಚುಗಲ್‌ನ ಬಟ್ಟೆ ಮಿಲ್ಲುಗಳಿಗೆ ಅಗ್ಗದ ಹತ್ತಿ ಸಿಕ್ಕಿದ್ದು ಹೀಗೆ.

ಇದಕ್ಕಿಂತ ಜಾಣತನದ ಒಂದು ಲೆಕ್ಕ ಇದೆ, ಗುಮಾಸ್ತನಾಗಿ ನನಗೆ ಇದನ್ನು ಓದಿ ಮೈ ಉರಿಯಿತು. ಮೊಜಾಂಬಿಕ್‌ನ ಗಂಡಸರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗೆ ದುಡಿಯೋಕೆ ಹೋಗುತ್ತಿದ್ದರು. 1928ರ ಒಪ್ಪಂದದಂತೆ ಅವರ ಕೂಲಿಯ ಒಂದು ಪಾಲನ್ನು ಅವರ ಕೈಗೆ ಕೊಡದೆ, ಊರಿಗೆ ವಾಪಸ್ ಬಂದಮೇಲೆ ಕೊಡುತ್ತೇವೆ ಅಂತ ತಡೆಹಿಡಿಯುತ್ತಿದ್ದರು. ಮುಂದೆ ಆ ಪಾಲನ್ನು ದಕ್ಷಿಣ ಆಫ್ರಿಕಾ ಪೋರ್ಚುಗಲ್ ಸರ್ಕಾರಕ್ಕೆ ಚಿನ್ನದ ರೂಪದಲ್ಲಿ, ಸರ್ಕಾರಿ ದರದಲ್ಲಿ ಕೊಟ್ಟಿತು. ಗಣಿಯಿಂದ ಕೆಮ್ಮುತ್ತಾ ಬಂದ ಕೂಲಿಗೆ ಸರ್ಕಾರ ಕೊಟ್ಟಿದ್ದು ಸ್ಥಳೀಯ ನೋಟು. ಚಿನ್ನದ ಮಾರುಕಟ್ಟೆ ಬೆಲೆ ಏರಿದಾಗ ಬಂದ ಲಾಭ ಲಿಸ್ಬನ್ನಿಗೆ. ಕೂಲಿಯವನ ಎದೆಯೊಳಗೆ ಗಣಿಯ ದೂಳು, ಖಜಾನೆಯೊಳಗೆ ಗಣಿಯ ಚಿನ್ನ. ಪುಸ್ತಕದಲ್ಲಿ ಎರಡೂ ಕಡೆ ಕೂಡಿಬರುತ್ತೆ, ಆಡಿಟ್‌ನಲ್ಲಿ ಒಂದು ಆಕ್ಷೇಪಣೆಯೂ ಏಳಲ್ಲ.

ಇದನ್ನೆಲ್ಲ ಒಳಗಿನವನೇ ಒಬ್ಬ ಬರೆದು ಹೇಳಿದ. ಎನ್ರಿಕ್ ಗಲ್ವಾಂವ್ ಅಂತ, ವಸಾಹತುಗಳ ಇನ್ಸ್‌ಪೆಕ್ಟರ್, ಮೊದಲು ಸಲಾಜಾರನ ಕಟ್ಟಾ ಬೆಂಬಲಿಗ. 1947ರ ವರದಿಯಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ಇದು ಹಳೆಯ ಗುಲಾಮಗಿರಿಗಿಂತಲೂ ಕೆಟ್ಟದ್ದು. ಆಗ ಒಡೆಯ ದುಡ್ಡು ಕೊಟ್ಟು ಕೊಂಡವನಾದ್ದರಿಂದ ಎತ್ತಿನ ಹಾಗಾದರೂ ಆಳನ್ನು ಸಾಕುತ್ತಿದ್ದ. ಈಗ ಸರ್ಕಾರ ಬಾಡಿಗೆಗೆ ಕೊಡುತ್ತೆ, ಒಬ್ಬ ಸತ್ತರೆ ಇನ್ನೊಬ್ಬನನ್ನು ಕೇಳಿದರಾಯಿತು. ವರದಿಯನ್ನು ಮುಚ್ಚಿಟ್ಟರು, ಕೆಲವು ವರ್ಷದಲ್ಲಿ ಗಲ್ವಾಂವ್‌ನನ್ನೂ ಜೈಲಿಗೆ ಹಾಕಿದರು. 1961ರ ಶುರುವಿನಲ್ಲಿ ಅಂಗೋಲಾದ ಬೈಶಾ ದ ಕಸಾಂಜೆಯಲ್ಲಿ ಹತ್ತಿ ಬೆಳೆಗಾರರು ಬೀಜ ಸುಟ್ಟು ಬಿತ್ತೋದಿಲ್ಲ ಅಂದಾಗ ಹಳ್ಳಿಗಳ ಮೇಲೆ ವಿಮಾನದಿಂದ ಬಾಂಬು ಹಾಕಿದರು. ಸಲಾಜಾರ್ ತನ್ನ ಜೀವಮಾನದಲ್ಲಿ ಒಂದು ಸಲವೂ ಆಫ್ರಿಕಾದ ಆ ನೆಲಕ್ಕೆ ಕಾಲಿಡಲಿಲ್ಲ. ಗೋವಾಕ್ಕೂ ಬರಲಿಲ್ಲ. ಎಲ್ಲಾ ಫೈಲಿನಲ್ಲೇ ನೋಡಿದ್ದು.

ಎರಡನೇ ಮಹಾಯುದ್ಧದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಪೋರ್ಚುಗಲ್ ತಟಸ್ಥ. ಮದ್ದುಗುಂಡಿಗೆ ಬೇಕಾದ ಟಂಗ್‌ಸ್ಟನ್ ಅದಿರನ್ನು ಜರ್ಮನಿಗೂ ಮಾರಿದ, ಇಂಗ್ಲೆಂಡಿಗೂ ಮಾರಿದ. ಚಿನ್ನ ಬಂದು ಬಿತ್ತು. ದೇಶವನ್ನು ಯುದ್ಧದಿಂದ ಉಳಿಸಿದ ಅನ್ನೋದು ನಿಜವೇ, ಅದನ್ನು ಕಿತ್ತುಕೊಳ್ಳೋದು ಬೇಡ. ಆದರೆ 1940ರ ಜೂನ್‌ನಲ್ಲಿ ಫ್ರಾನ್ಸಿನ ಬೋರ್ದೊ ನಗರದಲ್ಲಿದ್ದ ಪೋರ್ಚುಗಲ್‌ನ ಕಾನ್ಸಲ್ ಅರಿಸ್ತಿದೆಸ್ ದ ಸೊಜಾ ಮೆಂದೆಸ್, ಹಿಟ್ಲರನಿಂದ ಓಡಿ ಬಂದವರಿಗೆ ಸರ್ಕಾರದ ಸುತ್ತೋಲೆ ಮೀರಿ ಸಾವಿರಾರು ವೀಸಾ ಕೊಟ್ಟ. ಅವರಲ್ಲಿ ಎಷ್ಟೋ ಜನ ಯೆಹೂದಿಗಳು. ಜೀವ ಉಳಿಸಿದ ಅಧಿಕಾರಿಯ ಮೇಲೆ ಸಲಾಜಾರ್ ಇಲಾಖಾ ವಿಚಾರಣೆ ಇಟ್ಟು ಕೆಲಸದಿಂದ ದೂರ ಮಾಡಿದ. ಆ ಮನುಷ್ಯ 1954ರಲ್ಲಿ ಬಡತನದಲ್ಲೇ ಸತ್ತ. ನಿಯಮ ಮೀರಿದ ನೌಕರ, ನಿಯಮದಂತೆ ಶಿಕ್ಷೆ. ಹಿಟ್ಲರ್ ಸತ್ತಾಗ ಮಾತ್ರ ಲಿಸ್ಬನ್ನಿನಲ್ಲಿ ಬಾವುಟ ಅರ್ಧಕ್ಕೆ ಇಳಿಸಿದರು. ಅದೂ ಶಿಷ್ಟಾಚಾರದ ನಿಯಮವಂತೆ!

ಈಗ ನಮ್ಮ ಕಡೆಗೆ ಬರೋಣ. 1947ರಲ್ಲಿ ಬ್ರಿಟಿಷರು ಹೋದರು, 1954ರಲ್ಲಿ ಫ್ರೆಂಚರು ಪಾಂಡಿಚೇರಿ ಬಿಟ್ಟರು. ಸಲಾಜಾರ್ ಮಾತ್ರ ಗೋವಾ ವಸಾಹತೇ ಅಲ್ಲ, ಪೋರ್ಚುಗಲ್‌ನದೇ ಒಂದು ಪ್ರಾಂತ್ಯ ಅಂದ. ವಿಶ್ವಸಂಸ್ಥೆಯಲ್ಲಿ ಪ್ರಶ್ನೆ ಬರಬಾರದು ಅಂತ 1951ರಲ್ಲಿ 'ವಸಾಹತು' ಅನ್ನುವ ಪದವನ್ನೇ ಅಳಿಸಿ 'ಸಾಗರದಾಚೆಯ ಪ್ರಾಂತ್ಯ' ಅಂತ ಬರೆಸಿದ್ದ. ನಮ್ಮಲ್ಲಿ ಬಣ್ಣಭೇದ ಇಲ್ಲ, ಗೋವಾದಲ್ಲಿ ಎಲ್ಲ ಬೆರೆತು ಬಾಳ್ತಾರೆ ಅನ್ನೋದು ಅವನ ಪ್ರಚಾರ. ಬೆರೆತದ್ದು ಹೇಗೆ? 450 ವರ್ಷದ ನಂತರವೂ ಗೋವಾದ ಕ್ರೈಸ್ತರೊಳಗೆ ಬಾಮೊಣ್, ಚಾರ್ಡೊ, ಸೂದಿರ್ ಅಂತ ಜಾತಿ ಹಾಗೇ ಇತ್ತು. ಚರ್ಚಿನ ಕೆಲವು ಸಂಘಗಳಿಗೆ ಸೇರೋಕೂ ಜಾತಿ ನೋಡುತ್ತಿದ್ದರು. ಭಾಟ್ಕಾರನ ತೋಟದಲ್ಲಿ ಗುಡಿಸಲು ಹಾಕಿಕೊಂಡ ಮುಂಡ್ಕಾರ, ಅವನು ಎದ್ದು ಹೋಗು ಅಂದರೆ ಹೋಗಬೇಕು. ಆ ಗುಡಿಸಲಿನ ಮೇಲೆ ಮುಂಡ್ಕಾರನ ಹಕ್ಕಿಗೆ ಗಟ್ಟಿ ಕಾನೂನು ಬಂದದ್ದು 1975ರಲ್ಲಿ, ಪೋರ್ಚುಗೀಸರು ಹೋಗಿ ಹದಿನಾಲ್ಕು ವರ್ಷ ಆದಮೇಲೆ.

1946ರ ಜೂನ್ 18ಕ್ಕೆ ಲೋಹಿಯಾ ಮಡಗಾಂವಿನಲ್ಲಿ ಸಭೆ ಮಾಡಿ ಬಂಧನವಾದರು. ಗೋವಾದವರೇ ಆದ ತ್ರಿಸ್ತಾಂವ್ ದ ಬ್ರಗಾಂಜಾ ಕುನ್ಹಾ ಅವರಿಗೆ ಸೈನಿಕ ಕೋರ್ಟು 8 ವರ್ಷ ಶಿಕ್ಷೆ ಹಾಕಿ ಪೋರ್ಚುಗಲ್‌ನ ಪೆನಿಶ್ ಕೋಟೆಯ ಜೈಲಿಗೆ ಕಳಿಸಿತು. 1955ರ ಆಗಸ್ಟ್ 15ರಂದು ನಿರಾಯುಧರಾಗಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದರು, 20ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಗಡಿ ಮುಚ್ಚಿತು. ನಮ್ಮ ಕ್ಯಾಸಲ್‌ರಾಕ್ ಮೂಲಕ ಮುರಗಾಂವಿಗೆ ಹೋಗುತ್ತಿದ್ದ ರೈಲೂ ನಿಂತಿತು.

1961ರ ನವೆಂಬರ್‌ನಲ್ಲಿ ಕಾರವಾರದ ಬಿಣಗಾ ದಡದಿಂದ ಕಣ್ಣಿಗೆ ಕಾಣುವ ಅಂಜುದೀವ ದ್ವೀಪದಿಂದ ಪೋರ್ಚುಗೀಸ್ ಸೈನಿಕರು 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವು ದಿನ ಬಿಟ್ಟು ಮೀನುಗಾರರ ದೋಣಿಯ ಮೇಲೂ ಹಾರಿಸಿದರು, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ನಮ್ಮ ನೌಕಾಪಡೆ 'ಮೈಸೂರು' ಮತ್ತು 'ತ್ರಿಶೂಲ್' ಹಡಗುಗಳೊಂದಿಗೆ ಆ ದ್ವೀಪಕ್ಕೆ ಇಳಿಯಿತು, ಏಳು ಜನ ನಾವಿಕರು ಪ್ರಾಣ ಕೊಟ್ಟರು. ಬೆಳಗಾವಿ ಕಡೆಯಿಂದ ಭೂಸೇನೆ ಹೊರಟಿತು.

ಗೋವಾದಲ್ಲಿದ್ದ ಪೋರ್ಚುಗೀಸ್ ಸೈನಿಕರು ಸುಮಾರು 3,300. ಎದುರಿಗೆ ಅದರ ಎಷ್ಟೋ ಪಟ್ಟು ದೊಡ್ಡ ಸೈನ್ಯ. ಡಿಸೆಂಬರ್ 14ಕ್ಕೇ ಸಲಾಜಾರ್ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾಗೆ ತಂತಿ ಕಳಿಸಿದ್ದ. ಶರಣಾಗತಿ ಇಲ್ಲ, ಸೆರೆಯಾಳುಗಳೂ ಇರಕೂಡದು, ಪೋರ್ಚುಗಲ್‌ನ ಸೈನಿಕ ಒಂದೋ ಗೆದ್ದವನು ಇಲ್ಲವೇ ಸತ್ತವನು ಅನ್ನುವ ಅರ್ಥದ ಆದೇಶ. ಎಂಟು ದಿನವಾದರೂ ತಡೆದು ನಿಲ್ಲಬೇಕು, ಅಷ್ಟರಲ್ಲಿ ಪ್ರಪಂಚದ ಮುಂದೆ ಗೋಳಾಡಬಹುದು ಅಂತ ಅವನ ಯೋಚನೆ. ಮೇಜಿನ ಮೇಲೆ ಕೂತು 3,300 ಜನರನ್ನು ಖರ್ಚಿನ ಕಡೆ ಬರೆದುಬಿಟ್ಟ. ಗವರ್ನರ್ ಆ ಖರ್ಚನ್ನು ಮಂಜೂರು ಮಾಡಲಿಲ್ಲ. ಡಿಸೆಂಬರ್ 19ರ ಸಂಜೆ ಶರಣಾಗತಿಗೆ ಸಹಿ ಹಾಕಿದ. ಎಷ್ಟೋ ತಾಯಂದಿರ ಮಕ್ಕಳು ಉಳಿದರು, ಪಣಜಿಯೂ ಉಳಿಯಿತು. ಬಹುಮಾನವಾಗಿ ಸಲಾಜಾರ್ 1963ರಲ್ಲಿ ಅವನನ್ನು ಸೈನ್ಯದಿಂದಲೇ ಹೊರಹಾಕಿದ. ಸೆರೆಯಾದ ಸೈನಿಕರು ವಾಪಸ್ ಹೋಗಿದ್ದು 1962ರ ಮೇ ತಿಂಗಳಲ್ಲಿ, ಲಿಸ್ಬನ್ ಬಂದರಿನಲ್ಲಿ ಅವರನ್ನು ಕಳ್ಳರನ್ನು ನೋಡಿದ ಹಾಗೆ ನೋಡಿದರು. ಡಿಸೆಂಬರ್ 19ರಂದು ಗೋವಾ ವಿಮೋಚನೆಯ ಪೋಸ್ಟ್ ಹಾಕುವಾಗ, ಆದೇಶ ಮೀರಿದ ಈ ಗವರ್ನರನನ್ನೂ ನೆನೆಸಿಕೊಳ್ಳಿ ಅಂತ ನಾನು ಪ್ರತಿ ವರ್ಷ ಹೇಳ್ತೀನಿ.

ಗೋವಾ ಹೋದರೂ ಪಾಠ ಕಲಿಯಲಿಲ್ಲ. ಅಂಗೋಲಾದಲ್ಲಿ 1961ರಿಂದ, ಗಿನಿಯಲ್ಲಿ 1963ರಿಂದ, ಮೊಜಾಂಬಿಕ್‌ನಲ್ಲಿ 1964ರಿಂದ ಯುದ್ಧ. ತಿರುಗಿ ಬಿದ್ದವರಿಗಾಗಿ, ಹಿಂದೆ ಮುಚ್ಚಿದ್ದ ತರಾಫಾಲ್ ಜೈಲನ್ನು ಮತ್ತೆ ತೆರೆದರು. ಜೀವನವಿಡೀ ಚಿಲ್ಲರೆ ಎಣಿಸಿದ ಮೇಷ್ಟ್ರು ಸರ್ಕಾರದ ಖರ್ಚಿನ ದೊಡ್ಡ ಪಾಲನ್ನು ಯುದ್ಧಕ್ಕೆ ಸುರಿದ. 1958ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎದುರು ನಿಂತು, ಗೆದ್ದರೆ ಸಲಾಜಾರನನ್ನು ಕಿತ್ತು ಹಾಕ್ತೀನಿ ಅಂದಿದ್ದ ಜನರಲ್ ಉಂಬೆರ್ತೊ ದೆಲ್ಗಾದೊನನ್ನು 1965ರಲ್ಲಿ ಸ್ಪೇನ್ ಗಡಿಯೊಳಗೆ ಕರೆಸಿಕೊಂಡು ಪಿಡೆ ಪೊಲೀಸರು ಕೊಂದರು.

ಜನ ಓಡತೊಡಗಿದರು. 1960ರಿಂದ 1974ರ ನಡುವೆ ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಇದ್ದದ್ದೇ ಒಂದು ಕೋಟಿಗಿಂತ ಕಡಿಮೆ ಜನ. ಹೆಚ್ಚಿನವರು ಫ್ರಾನ್ಸಿಗೆ, ಎಷ್ಟೋ ಮಂದಿ ಪಾಸ್‌ಪೋರ್ಟ್ ಇಲ್ಲದೆ ರಾತ್ರಿ ಬೆಟ್ಟ ಹತ್ತಿ ಸ್ಪೇನ್ ದಾಟಿ ಹೋದರು. ದಾಟಿಸುವ ದಲ್ಲಾಳಿಗೆ ದುಡ್ಡು ಹೇಗೆ ಕೊಡುತ್ತಿದ್ದರು ಗೊತ್ತಾ? ಹೋಗುವವನ ಫೋಟೊ ಎರಡಾಗಿ ಹರಿಯುತ್ತಿದ್ದರು. ಒಂದು ತುಂಡು ಮನೆಯವರ ಹತ್ತಿರ, ಇನ್ನೊಂದು ಅವನ ಜೇಬಿನಲ್ಲಿ. ಕ್ಷೇಮವಾಗಿ ತಲುಪಿದ ಮೇಲೆ ಅವನು ತನ್ನ ತುಂಡನ್ನು ಕಳಿಸಬೇಕು. ಎರಡೂ ಕೂಡಿದರೆ ಮನೆಯವರು ಬಾಕಿ ದುಡ್ಡು ಕೊಡುತ್ತಾರೆ. ಸಲಾಜಾರನ ದೇಶದಲ್ಲಿ ಹೆಬ್ಬೆಟ್ಟಿನ ಜನ ಇಟ್ಟ ಲೆಕ್ಕ ಅದು. ಪ್ಯಾರಿಸ್ ಹೊರಗಿನ ಶಾಂಪಿನ್ಯಿಯಲ್ಲಿ ಕೆಸರಿನ ನಡುವೆ ತಗಡಿನ ಶೆಡ್ಡು ಹಾಕಿಕೊಂಡು, ಕಟ್ಟಡ ಕೆಲಸ ಮಾಡಿ, ಮನೆಗೆ ದುಡ್ಡು ಕಳಿಸಿದರು. ಆ ದುಡ್ಡೂ ಲಿಸ್ಬನ್ನಿನ ವಿದೇಶಿ ವಿನಿಮಯದ ಕಡೆ ಜಮಾ ಆಯಿತು.

1968ರ ಆಗಸ್ಟ್‌ನಲ್ಲಿ ಎಸ್ತೊರಿಲ್ ಕೋಟೆಯ ಬೇಸಿಗೆ ಮನೆಯಲ್ಲಿ ಕುರ್ಚಿ ಮುರಿದು ಬಿದ್ದು ಸಲಾಜಾರನ ತಲೆಗೆ ಪೆಟ್ಟಾಯಿತು. ಮಿದುಳಿನ ಆಪರೇಷನ್ ಆಯಿತು, ಆಮೇಲೆ ಪಾರ್ಶ್ವವಾಯು. ಸೆಪ್ಟೆಂಬರ್ ಕೊನೆಗೆ ಮಾರ್ಸೆಲೊ ಕಯ್ತಾನೊ ಎಂಬುವನನ್ನು ಪ್ರಧಾನಿ ಮಾಡಿದರು. ಆದರೆ ಈ ಸುದ್ದಿಯನ್ನು ಸಲಾಜಾರನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. 1970ರ ಜುಲೈ 27ರಂದು ಸಾಯುವ ತನಕ ತಾನೇ ಪ್ರಧಾನಿ ಅಂದುಕೊಂಡಿದ್ದ. ಹಳೆಯ ಮಂತ್ರಿಗಳು ಬಂದು ಕೂತು ಹೌದು ಸ್ವಾಮಿ ಅಂತ ಹೋಗುತ್ತಿದ್ದರು. ನಲವತ್ತು ವರ್ಷ ದೇಶಕ್ಕೆ ನಿಜ ಗೊತ್ತಾಗದ ಹಾಗೆ ಸೆನ್ಸಾರ್ ಇಟ್ಟವನಿಗೆ ಕೊನೆಗೆ ಅವನ ಮಂಚದ ಸುತ್ತಲೇ ಸೆನ್ಸಾರ್ ಬಂತು.

1974ರ ಏಪ್ರಿಲ್ 25ರಂದು ಆಫ್ರಿಕಾದ ಯುದ್ಧದಲ್ಲಿ ಬೇಸತ್ತ ಯುವ ಸೇನಾಧಿಕಾರಿಗಳು ಎದ್ದರು. ಬಂದೂಕಿನ ನಳಿಕೆಗೆ ಜನ ಕೆಂಪು ಹೂವು ಸಿಕ್ಕಿಸಿದರು. ಆ ವರ್ಷ ಸರ್ಕಾರದ ಬ್ಯಾಂಕಿನಲ್ಲಿ ಇದ್ದ ಚಿನ್ನ ಸುಮಾರು 866 ಟನ್. ಜಗತ್ತಿನ ದೊಡ್ಡ ಚಿನ್ನದ ರಾಶಿಗಳಲ್ಲಿ ಒಂದು. ನಾಲ್ಕು ವರ್ಷ ಹಿಂದಿನ, 1970ರ ಅಂಕಿ ಅಂಶ ಅದರ ಪಕ್ಕ ಇಟ್ಟು ನೋಡಿ. ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 55 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು, ಪಶ್ಚಿಮ ಯುರೋಪಿನಲ್ಲೇ ಅತಿ ಹೆಚ್ಚು. ನಾಲ್ಕರಲ್ಲಿ ಒಬ್ಬರಿಗೆ ಓದು ಬರುತ್ತಿರಲಿಲ್ಲ. ಹತ್ತಿರ ಹತ್ತಿರ ಅರ್ಧ ಮನೆಗಳಿಗೆ ನಲ್ಲಿ ನೀರಿರಲಿಲ್ಲ. ಅರವತ್ತರ ದಶಕದಲ್ಲಿ ಕಾರ್ಖಾನೆಗಳು ಬಂದವು, ದೇಶದ ಆದಾಯ ಚೆನ್ನಾಗಿ ಬೆಳೆಯಿತು ಅಂತ ಅರ್ಥಶಾಸ್ತ್ರಜ್ಞರು ತೋರಿಸ್ತಾರೆ, ಅದೂ ನಿಜ. ಹಾಗಿದ್ದರೆ ನಲ್ಲಿ ಹಾಕಿಸೋಕೆ ದುಡ್ಡಿರಲಿಲ್ಲ ಅಂತಲೂ ಹೇಳುವಂತಿಲ್ಲ.

ಇದೆಲ್ಲ ಗೊತ್ತಿದ್ದೂ, 2007ರಲ್ಲಿ ಪೋರ್ಚುಗಲ್‌ನ ಸರ್ಕಾರಿ ಟೀವಿಯವರು ನಮ್ಮ ಚರಿತ್ರೆಯ ಅತಿ ದೊಡ್ಡ ಪೋರ್ಚುಗೀಸ್ ಯಾರು ಅಂತ ಜನರಿಂದ ಫೋನ್ ಮತ ಕೇಳಿದಾಗ ನೂರಕ್ಕೆ 41 ಮತ ಪಡೆದು ಗೆದ್ದವನು ಸಲಾಜಾರ್! ಫೋನ್ ಮಾಡಿದವರ ಮತ ಇಡೀ ದೇಶದ ಮತ ಅಲ್ಲ, ಒಪ್ಪೋಣ. ಆದರೂ ಅಷ್ಟು ಜನ ಮಾಡಿದರಲ್ಲ. ಎರಡನೇ ಸ್ಥಾನಕ್ಕೆ ಬಂದವನು ಕಮ್ಯುನಿಸ್ಟ್ ನಾಯಕ ಆಲ್ವರೊ ಕುನ್ಹಾಲ್, ಸಲಾಜಾರ್ ಅವನನ್ನು 11 ವರ್ಷ ಜೈಲಿನಲ್ಲಿಟ್ಟಿದ್ದ, ಅದರಲ್ಲಿ ಎಷ್ಟೋ ವರ್ಷ ಒಂಟಿ ಕೋಣೆಯಲ್ಲಿ. ಗೋವಾದ ಕುನ್ಹಾ ಅವರನ್ನು ಇಟ್ಟಿದ್ದ ಅದೇ ಪೆನಿಶ್ ಕೋಟೆಯಿಂದ 1960ರ ಜನವರಿಯಲ್ಲಿ ಕುನ್ಹಾಲ್ ಸಂಗಾತಿಗಳ ಜೊತೆ ತಪ್ಪಿಸಿಕೊಂಡಿದ್ದ. ಮೂರನೇ ಸ್ಥಾನ ಬೋರ್ದೊದಲ್ಲಿ ವೀಸಾ ಬರೆದು ಕೆಲಸ ಕಳಕೊಂಡ ಆ ಕಾನ್ಸಲ್‌ಗೆ.